ಅರುಗು ಒಡೆಸಿದ ಪೆದ್ದಮ್ಮ

ಅವರ ಪಾದಗಳು ಸದಾ ಹಳದಿಯಾಗಿರುತ್ತಿದ್ದವು. ಗಂಡ ತೀರಿಕೊಂಡ ಮೇಲೂ ಅರಿಶಿನ ಹಚ್ಚುವುದನ್ನು ಬಿಟ್ಟಿರಲಿಲ್ಲ. ಆಕ್ಷೇಪಿಸಿದವರಿಗೆ, "ಗಂಡ ಹೋದ, ಕಾಲು ಹೋಗಿಲ್ವಲ್ಲ" ಎನ್ನುತ್ತಿದ್ದರು. ಬಿರುಕು ಬಿಟ್ಟ ಆ ಹಿಮ್ಮಡಿಗಳನ್ನು ಜಗಲಿಯಿಂದ ಇಳಿಬಿಟ್ಟು, ಮೊರದಲ್ಲಿ ಹುಣಸೆಚಿಗುರು ಬಿಡಿಸುತ್ತ ಕೂತಿದ್ದಾಗಲೇ ನಾನು ಅವರನ್ನು ಮೊದಲು ಕಂಡದ್ದು.

ಅವರು ನನ್ನ ಬಾಡಿಗೆ ಮನೆಯ ಒಡತಿ. ಓಣಿಯವರಂತೆ ನಾನೂ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದೆ. ನಾನು ದಾವಣಗೆರೆಯವಳು, ಬ್ಯಾಂಕ್ ಅಧಿಕಾರಿ. ವಿಜಯವಾಡದ ಒನ್ ಟೌನಿನಲ್ಲಿ ಸಗಟು ವ್ಯಾಪಾರಿಗಳ ಗದ್ದಲದ ನಡುವೆ ಕೆಲವು ವರ್ಷ ಹಣ್ಣಾಗಿ, ವಿಶಾಖಪಟ್ಟಣದ ಮಧುರವಾಡಕ್ಕೆ ವರ್ಗವಾಗಿ ಬಂದಿದ್ದೆ. ಗಂಡ, ಮಗಳು ಊರಲ್ಲೇ ಇದ್ದರು. ಮಧುರವಾಡದ ಎತ್ತರದ ಕಟ್ಟಡಗಳಲ್ಲಿ ಒಬ್ಬಳೇ ಇರಲು ಮನಸ್ಸಾಗದೆ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಭೀಮಿಲಿಯಲ್ಲಿ ಮನೆ ಹಿಡಿದೆ.

ಭೀಮಿಲಿ ಹಳೆಯ ಪಟ್ಟಣ. ಡಚ್ಚರ ಗೋರಿಗಳ ನಡುವೆ ಆಡುಗಳು ಮೇಯುತ್ತವೆ, ಅದರಾಚೆ ಸಮುದ್ರ. ಮಧ್ಯಾಹ್ನ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ಬಿಸಿಲು ಇಳಿದ ಮೇಲೆ ನಮ್ಮ ಓಣಿಯಲ್ಲಿ ನೀರು ಚಿಮುಕಿಸಿ, ಮನೆಮುಂದಿನ ಜಗಲಿಗಳನ್ನು ಒರೆಸಿ ಎಲ್ಲರೂ ಹೊರಗೆ ಬಂದು ಕೂರುತ್ತಿದ್ದರು. ಜಗಲಿಗೆ ಅಲ್ಲಿ ಅರುಗು ಎನ್ನುತ್ತಾರೆ. ಎರಡೂ ಬದಿಯ ಅರುಗುಗಳ ನಡುವೆ ಉಳಿದ ದಾರಿಯಲ್ಲಿ ಒಂದು ಸೈಕಲ್ ಬಂದರೆ ಎದುರಿನವರು ಕಾಲು ಮಡಚಬೇಕು.

ಮೊದಮೊದಲು ನಾನು ಯಾರನ್ನೂ ಮಾತನಾಡಿಸದೆ ನೇರ ಒಳಗೆ ಹೋಗುತ್ತಿದ್ದೆ. ಒಂದು ಸಂಜೆ ಪೆದ್ದಮ್ಮ ಸೆರಗು ಹಿಡಿದು ನಿಲ್ಲಿಸಿದರು.

"ಬಸ್ಸಲ್ಲಿ ನಿಂತ್ಕೊಂಡೇ ಬಂದ್ಯಾ?"

"ಹೌದು ಪೆದ್ದಮ್ಮ."

"ಕೂರ್ಚೋ ಅಮ್ಮಾಯಿ. ಈ ಮುಖ ಹೊತ್ಕೊಂಡು ಒಳಗೆ ಹೋದ್ರೆ ಮನೆ ತುಂಬಾ ಅದೇ ಇರುತ್ತೆ."

ಕೂತೆ. ಅಂದಿನಿಂದ ದಿನವೂ ಕೂತೆ. ಯಾರ ಮನೆಯ ಗೋಂಗೂರ ಉಪ್ಪಿನಕಾಯಿ ಕೆಟ್ಟಿತು, ಯಾರ ಮಗನಿಗೆ ಬಂದರಿನಲ್ಲಿ ಕೆಲಸವಾಯಿತು, ಇಂಥದ್ದೇ ಮಾತು. ಕೆಲಸ ಬಿಟ್ಟು ಊರಿಗೆ ಹೋಗಿಬಿಡಬೇಕೆಂದು ಆ ದಿನಗಳಲ್ಲಿ ಬಲವಾಗಿ ಅನಿಸುತ್ತಿತ್ತು. ಹೋಗದೆ ಉಳಿದದ್ದು ಆ ಸಂಜೆಗಳಿಂದ.

ಎದುರುಮನೆಯಾಕೆ ಪೆದ್ದಮ್ಮನ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ನಗರಪಾಲಿಕೆಯವರು ಅರುಗುಗಳನ್ನು ಒಡೆದು ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಬಂದಾಗ ಇಬ್ಬರೂ ಮನೆಮನೆಗೆ ಹೋಗಿ ಜನರನ್ನು ಸೇರಿಸಿದರು. "ಕಾರಿಗೆ ದಾರಿ ಬೇಕಂತೆ, ಮನುಷ್ಯರಿಗೆ ಕೂರೋಕೆ ಜಾಗ ಬೇಡ್ವಾ?" ಎಂದು ಪೆದ್ದಮ್ಮ ಅಧಿಕಾರಿಯನ್ನೇ ಕೇಳಿದರು. ಕೆಲಸ ಮುಂದಕ್ಕೆ ಹೋಯಿತು. ಆ ಸಂಜೆ ಗೆಳತಿಯರಿಬ್ಬರೂ ಸೇರಿ ಇಡೀ ಓಣಿಗೆ ಪಾಯಸ ಹಂಚಿದರು.

ಮುಂದಿನ ಮಳೆಗಾಲ, ಒಂದು ಭಾನುವಾರ, ಎದುರುಮನೆಯಾಕೆ ಬಚ್ಚಲಲ್ಲಿ ಕುಸಿದರು. ಆಂಬುಲೆನ್ಸ್ ಬೇಗ ಬಂತು, ಆದರೆ ಓಣಿಯ ಬಾಯಲ್ಲೇ ನಿಂತಿತು. ತಿರುವಿನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರುವ ಕಲ್ಲುಗಳ ಮೇಲೆ ನಾಲ್ವರು ಹೊತ್ತು ನಡೆದರು. ಪೆದ್ದಮ್ಮ ಗೆಳತಿಯ ತಲೆ ವಾಲದಂತೆ ಹಿಡಿದುಕೊಂಡು ಪಕ್ಕದಲ್ಲೇ ಓಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಬೇಗ ತಂದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಪೆದ್ದಮ್ಮ ಆ ಮಾತನ್ನು ಕೇಳಿಸಿಕೊಂಡರು, ಒಪ್ಪಿಕೊಳ್ಳಲಿಲ್ಲ.

ಕರ್ಮಾಂತರ ಮುಗಿದ ಮೇಲೆ ನನ್ನನ್ನು ಜೊತೆಗೆ ಕರೆದುಕೊಂಡು ಅದೇ ಅಧಿಕಾರಿಯ ಬಳಿ ಹೋದರು. "ಮೊದಲು ನನ್ನ ಅರುಗು ಒಡೀರಿ ನಾಯನಾ" ಎಂದರು. ಓಣಿಯವರು ಸಿಟ್ಟಾದರು. "ಬೇಡ ಅಂತ ನಮ್ಮನ್ನೆಲ್ಲ ಕರ್ಕೊಂಡು ಹೋದವರು ನೀವೇ ಕದಾ?" ಎಂದು ಕೂಗಾಡಿದರು. ಪೆದ್ದಮ್ಮ ತಲೆಯಾಡಿಸಿ, "ಹೌದು, ನಾನೇ. ಆಗ ಅವಳಿದ್ದಳು" ಎಂದಷ್ಟೇ ಹೇಳಿದರು.

ಯಂತ್ರ ಬಂದು ಒಂದೇ ಬೆಳಿಗ್ಗೆಯಲ್ಲಿ ಎಲ್ಲವನ್ನೂ ಕೆಡವಿತು. ರಸ್ತೆ ಅಗಲವಾಯಿತು, ಬಾಗಿಲ ಮುಂದೆ ಮೋಟರ್‌ಬೈಕುಗಳು ನಿಂತವು. ಸಂಜೆ ನಾನು ಬರುವಾಗ ಹೊರಗೆ ಯಾರೂ ಇರುತ್ತಿರಲಿಲ್ಲ, ಮನೆಮನೆಯಿಂದ ಟಿವಿ ಸದ್ದು ಮಾತ್ರ. ಪೆದ್ದಮ್ಮ ಒಳಗಿನ ಮಂಚದಲ್ಲಿ ಗೋಡೆಗೆ ಒರಗಿರುತ್ತಿದ್ದರು.

"ಒಡೆಸಿದ್ದಕ್ಕೆ ಬೇಜಾರಿದೆಯಾ?" ಒಮ್ಮೆ ಕೇಳಿದೆ.

"ಬೇಜಾರು ಮಾಡ್ಕೊಳ್ಳೋಕೂ ಶಕ್ತಿ ಬೇಕು ಅಮ್ಮಾಯಿ" ಎಂದು ಕಣ್ಣು ಮುಚ್ಚಿಕೊಂಡರು.

ನನಗೆ ಮತ್ತೆ ವಿಜಯವಾಡಕ್ಕೇ ವರ್ಗವಾಯಿತು. ಪೆದ್ದಮ್ಮ ತೀರಿಕೊಂಡ ಸುದ್ದಿಯನ್ನು ಎದುರುಮನೆಯಾಕೆಯ ಮಗಳು ಫೋನಿನಲ್ಲಿ ತಿಳಿಸಿದಳು. ಸಿಕ್ಕಿದ ರೈಲು ಹತ್ತಿ ಹೋದೆ. ಶವ ಸಾಗಿಸುವ ವ್ಯಾನು ಎಲ್ಲೂ ನಿಲ್ಲದೆ ಬಾಗಿಲಿಗೇ ಬಂತು. ಅದನ್ನು ನೋಡುತ್ತಲೇ ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ನಮ್ಮಮ್ಮನಿಗಾಗಿ ಮಾಡಿಸಿದ ದಾರಿ ಅಕ್ಕಾ" ಎಂದಳು. "ಪಾಪ, ಆಮೇಲೆ ಯಾರೂ ಅವರ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ."