ಅಕ್ಕನ ರಿಪೋರ್ಟು ಓದಿದ ಸಂಜೆ

ರಿಪೋರ್ಟು ಓದಲು ನನ್ನನ್ನೇ ಕರೆಸಿದ್ದರು. ಅಕ್ಕನ ಗಂಡನ ಮನೆಯವರು ವಿಜಾಪುರದ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಇಂಗ್ಲಿಷಿನ ಕಾಗದ ಏನೇ ಬರಲಿ, ಬೀಗರಲ್ಲಿ ಕಲಿತವನನ್ನು ಕರೆಸಿ ಹಿರಿಯರ ಮುಂದೆ ಗಟ್ಟಿಯಾಗಿ ಓದಿಸುವುದು ಆ ಮನೆಯ ರೂಢಿ. ಅವನು ಹೇಳಿದ್ದೇ ಆಮೇಲೆ ಖರೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಕ್ಕನಿಗೆ ನಮ್ಮ ಅಮ್ಮನ ಕಿಡ್ನಿ ಹಾಕಿ ಮೂರನೇ ವರ್ಷ. ಹೊರಗಿನ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಎಂದು ಎರಡು ಹೊತ್ತು ಗುಳಿಗೆ. ಆ ಗುಳಿಗೆಗಳು ಮೈಯ ಕಾವಲನ್ನೇ ಕುಗ್ಗಿಸುತ್ತವೆ. ಅದಕ್ಕೇ ಅವಳಿಗೆ ಬೇರೆ ತಾಟು, ಬೇರೆ ಲೋಟ, ಕುದಿಸಿ ಆರಿಸಿದ ನೀರು.

ಆ ಸಲದ ತಪಾಸಣೆಯಲ್ಲಿ ಗರ್ಭಕೋಶದ ಬಾಯಿಯಲ್ಲಿ ಎಚ್‌ಪಿವಿ ಎಂಬ ವೈರಸ್ ಸಿಕ್ಕಿತ್ತು, ಅದರಿಂದ ಅಲ್ಲಿ ಒಂದಿಷ್ಟು ಭಾಗ ಕೆಟ್ಟಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆಗಬಹುದು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕು. ಡಾಕ್ಟರಬಾಯಿ ಅಕ್ಕನಿಗೂ ನನಗೂ ಬಿಡಿಸಿ ಹೇಳಿದ್ದರು: ಸಂಸಾರ ಮಾಡುವ ಯಾವ ಹೆಂಗಸಿಗೂ ಬರುವಂಥದ್ದು. ಗಂಡನಿಂದಲೇ ಬಂದಿರಬಹುದು. ವರ್ಷಗಟ್ಟಲೆ ಸುಮ್ಮನಿದ್ದು, ಗುಳಿಗೆ ಶುರುವಾದ ಮೇಲೆ ತಲೆ ಎತ್ತಿರಬಹುದು. ಇದರಿಂದ ಯಾರ ನಡತೆಯನ್ನೂ ಅಳೆಯಲಾಗದು.

ಮರುದಿನ ಸಂಜೆ ಹೋದೆ. ಅಕ್ಕನ ಅತ್ತೆ ಜೋಕಾಲಿಯ ಮೇಲೆ ಕೂತಿದ್ದರು. ಭಾವ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಬರ್ರಿ ಪ್ರೊಫೆಸರ, ನಾವು ದಡ್ಡರು. ಏನ್ ಬರದದ ಓದಿ ಹೇಳ್ರಿ,” ಅಂದರು ಅತ್ತೆ.

ನಾನು ಪ್ರೊಫೆಸರನಲ್ಲ. ಎಂ.ಎಸ್ಸಿ. ಮಾಡಿ ಪುಣೆಯಲ್ಲೇ ಖಡಕಿಯ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಓದಿದೆ. ಕ್ಯಾನ್ಸರ್ ಅಲ್ಲ ಅಂದೆ. ವೈರಸ್ ಅಂದೆ.

“ಅದು ಹೆಂಗ ಬರ್ತದ?”

“ಗಂಡು ಹೆಣ್ಣು ಕೂಡೂದ್ರಿಂದ ಬರ್ತದ್ರಿ.”

ಇಷ್ಟು ಹೇಳಿ ನಿಲ್ಲಿಸಿದೆ. ಮುಂದಿನದನ್ನೂ ಹೇಳಿದೆನೆಂದು ಮೊದಲ ಕೆಲವು ವರ್ಷ ನಂಬಿದ್ದೆ. ‘ಭಾವನವರಿಂದನೂ ಬಂದಿರಬಹುದು’ ಎಂಬ ನನ್ನ ದನಿ ಈಗಲೂ ಕಿವಿಗೆ ಕೇಳುತ್ತದೆ. ಆದರೆ ಹಾಗೆ ಅಂದಿದ್ದರೆ ಆ ಕೋಣೆಯಲ್ಲಿ ಗದ್ದಲವಾಗಬೇಕಿತ್ತು. ನನ್ನ ನೆನಪಿನಲ್ಲಿ ಜೋಕಾಲಿಯ ಸರಪಳಿ ಕಿರ್ ಅನ್ನುವುದಷ್ಟೇ ಇದೆ.

“ನನ್ನ ಮಗ ಅಂಗಡಿ ಬಿಟ್ರ ಮನಿ, ಮನಿ ಬಿಟ್ರ ಅಂಗಡಿ,” ಅಂದರು ಅತ್ತೆ. “ದವಾಖಾನ್ಯಾಗ ತಿಂಗಳಾನುಗಟ್ಟಲೆ ಇದ್ದು ಬಂದಾಕಿ ಯಾರು?” ಆಮೇಲೆ ಅಕ್ಕನ ಕಡೆ ತಿರುಗಿ ನಕ್ಕರು. “ಕಿಡ್ನಿ ನಿಮ್ಮವ್ವಂದು, ರೋಗ ಯಾವನದೋ. ನಿನ್ನ ಮೈಯಾಗ ನಮ್ಮದೇನರೆ ಉಳದದನು?”

ಅಕ್ಕ ಚಹಾ ತಂದಳು. ಕುಡಿದೆ. ಚಹಾ ಚೆನ್ನಾಗಿತ್ತು; ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಮರುದಿನದಿಂದ ಅವಳ ತಾಟು, ಲೋಟ ಬಚ್ಚಲ ಪಕ್ಕದ ಗೂಡಿಗೆ ಹೋದವು. ಅವರಿಂದ ಅವಳಿಗೆ ಏನೂ ತಾಗದಿರಲೆಂದು ಬೇರೆ ಮಾಡಿದ್ದನ್ನು, ಅವಳಿಂದ ಅವರಿಗೆ ತಾಗದಿರಲೆಂದು ಇನ್ನಷ್ಟು ಬೇರೆ ಮಾಡಿದರು. ಎರಡು ವಾರದಲ್ಲಿ, ಆಪರೇಶನ್ ಆಗುವ ತನಕ ಇರಲಿ ಎಂದು ಅವಳನ್ನು ನಮ್ಮ ಮನೆಗೆ ಬಿಟ್ಟುಹೋದರು. ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ನಾನೇ ಸಹಿ ಹಾಕಿದೆ. ಕೆಟ್ಟ ಭಾಗ ತೆಗೆದರು, ಗಾಯ ಮಾಯಿತು. ಕರೆದೊಯ್ಯಲು ಯಾರೂ ಬರಲಿಲ್ಲ.

ನಾನೇಕೆ ಅಲ್ಲಿಗೇ ನಿಲ್ಲಿಸಿದೆ? ನನ್ನ ಹತ್ತಿರ ಒಂದು ಉತ್ತರವಿತ್ತು. ಗುಳಿಗೆಯಿಂದ ಎದ್ದ ರೋಗ ಎಂದಿದ್ದರೆ ಅವರು ಗುಳಿಗೆಯನ್ನೇ ನಿಲ್ಲಿಸಿಬಿಡುತ್ತಿದ್ದರು, ಕಿಡ್ನಿ ಹೋಗುತ್ತಿತ್ತು. ಚೆಂದದ ಉತ್ತರ. ಇದನ್ನು ಆ ಸಂಜೆಯೇ ಯೋಚಿಸಿದ್ದೆನೋ, ಆಮೇಲೆ ಕೂತು ಹೊಲಿದುಕೊಂಡೆನೋ ತಿಳಿಯದು. ಇನ್ನೊಂದು ಉತ್ತರ ಮಾತ್ರ ಖಂಡಿತ ಆ ಸಂಜೆಯದು: ಭಾವನ ಹೆಸರೆತ್ತಿದರೆ ಅವಳನ್ನು ಈಗಲೇ ನನ್ನ ಸ್ಕೂಟರಿನ ಹಿಂದೆ ಕೂರಿಸಿ ಕಳಿಸುತ್ತಾರೆ. ನನಗಿದ್ದದ್ದು ಎರಡು ಕೋಣೆ. ಒಂದರಲ್ಲಿ ಅಮ್ಮ. ನನ್ನ ಮದುವೆಯ ಮಾತು ನಡೆದಿತ್ತು.

ಆರೇಳು ವರ್ಷದ ಮೇಲೆ, ಅವಳ ಆರು ತಿಂಗಳ ತಪಾಸಣೆಗೆ ಹೋದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊದಲ ಉತ್ತರವನ್ನು ಅವಳಿಗೆ ಹೇಳಿದೆ. ನಿನ್ನ ಗುಳಿಗೆ ನಿಲ್ಲಿಸಿಯಾರು ಅಂತ ಹೆದರಿ ಸುಮ್ಮನಾದೆ ಅಂದೆ.

“ಗುಳಿಗಿ ಮಾತು ನಾ ನೀ ಬರೋ ಹಿಂದಿನ ದಿನಾನ ಅತ್ತಿಯವ್ರಿಗೆ ಹೇಳಿದ್ದೆ,” ಅಂದಳು. “ಡಾಕ್ಟರಬಾಯಿ ಹೇಳಿದ್ದೆಲ್ಲಾ ಹೇಳಿದ್ದೆ. ‘ನಿಮ್ಮ ಮಗನಿಂದನೂ ಬಂದಿರಬಹುದು’ ಅಂತನೂ ಅಂದಿದ್ದೆ. ಗುಳಿಗಿ ಏನ್ ನಿಲ್ಲಸಲಿಲ್ಲ. ‘ನೀ ಸುಳ್ಳ ಹೇಳಾಕತ್ತಿ, ನಿನ್ನ ತಮ್ಮ ಕಲಿತಾಂವ, ಅಂವ ಬಂದು ಹೌದಂದ್ರ ನಂಬತೀವಿ’ ಅಂದ್ರು. ಅದಕ್ಕ ನಿನ್ನ ಕರಸಿದ್ದು.”

ನರ್ಸು ಅವಳನ್ನು ಕೂಗಿದಳು. ಫೈಲಿಗೆ ಕೈ ಚಾಚಿದೆ. ಕೊಡಲಿಲ್ಲ, ತಾನೇ ಹಿಡಿದುಕೊಂಡು ಒಳಗೆ ಹೋದಳು.