ನಾನು ಸರಿಸಿದ ಹೊಂಗೆಮರ

1961ರಲ್ಲಿ ನಾನು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಸಹಾಯಕನಾಗಿದ್ದೆ. ಓದಿದ್ದು ಭೂಗೋಳ, ವಾಸ ಯಶವಂತಪುರ. ಸೈಕಲ್ಲಿನ ಕ್ಯಾರಿಯರ್ ಮೇಲೆ ಸರ್ವೆ ಹಲಗೆ, ಹೆಗಲ ಚೀಲದಲ್ಲಿ ಜಲವರ್ಣದ ಪೆಟ್ಟಿಗೆ. ವಾರವಿಡೀ ಅಳತೆ, ಭಾನುವಾರ ಚಿತ್ರ. ಎರಡು ದೋಣಿಯಲ್ಲಿ ಕಾಲಿಟ್ಟವನು ಎಂದು ಸಹೋದ್ಯೋಗಿಗಳು ಛೇಡಿಸುತ್ತಿದ್ದರು. ನನಗೆ ಮಾತ್ರ ಎರಡೂ ಒಂದೇ ಕುತೂಹಲ. ನೆಲ ಹೀಗೇಕಿದೆ ಎಂದು ನಕ್ಷೆ ಕೇಳುತ್ತದೆ, ಹೇಗೆ ಕಾಣುತ್ತದೆ ಎಂದು ಬಣ್ಣ ಕೇಳುತ್ತದೆ, ಅಷ್ಟೆ.

ಆ ಬೇಸಿಗೆಯಲ್ಲಿ ಕೋಗಿಲು ಕಡೆಯ ಒಂದು ಕೆರೆಯ ಗಡಿ ಗುರುತಿಸುವ ಕೆಲಸ ಬಂತು. ಗಡಿಯ ಒಳಗೆ ಬಿದ್ದ ಮನೆಯನ್ನು ತೆರವು ಮಾಡಬೇಕು. ಹಳೆಯ ದಾಖಲೆಯಲ್ಲಿ ಗಡಿ ಕೆರೆಯ ಕೋಡಿಯಿಂದ ಒಂಟಿ ಹೊಂಗೆಮರದ ನೇರಕ್ಕೆ ಹೋಗುತ್ತಿತ್ತು. ಆ ಮರದ ಹತ್ತಿರ ಇದ್ದದ್ದು ಒಂದೇ ಮನೆ, ನೀರುಗಂಟಿ ಮುನಿಯಪ್ಪನದು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ.

ನಾವು ಬಳಸುತ್ತಿದ್ದದ್ದು ಪ್ಲೇನ್ ಟೇಬಲ್, ಅಂದರೆ ಮೂರು ಕಾಲಿನ ಮೇಲೆ ಕೂರಿಸಿದ ಹಲಗೆ. ಒಂದು ವಸ್ತುವನ್ನು ಎರಡು ಕಡೆಯಿಂದ ನೋಡಿ ಹಾಳೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಆ ವಸ್ತು. ಕೊನೆಯ ದಿನ ದಪ್ಪ ಹನಿಯ ಮಳೆ ಬಂದು ಹಾಳೆಯ ಮೂಲೆ ತೊಯ್ದುಹೋಯಿತು. ಮರಕ್ಕೆ ಎಳೆದ ಒಂದು ಗೆರೆ ಅಳಿಸಿಹೋಯಿತು. ಕೆರೆ ಏರಿಯಿಂದ ಎಳೆದದ್ದು ಉಳಿಯಿತು, ಆದರೆ ಅದು ಮರ ಮತ್ತು ಮನೆ ಎರಡರ ಮೇಲೂ ಹಾದುಹೋಗುತ್ತಿತ್ತು. ಮರ ಮನೆಯ ಮುಂದೋ ಹಿಂದೋ ತಿಳಿಯಲಿಲ್ಲ. ಮತ್ತೆ ಅಷ್ಟು ದೂರ ಸೈಕಲ್ ತುಳಿಯಲು ಸೋಮಾರಿತನ. ಅದಕ್ಕೆ ಮುಂಚಿನ ಭಾನುವಾರ ಏರಿಯ ಮೇಲೆ ಕೂತು ಬರೆದಿದ್ದ ನನ್ನದೇ ಚಿತ್ರ ತೆಗೆದು ನೋಡಿದೆ. ಮರ ಮನೆಯ ಹಿಂದಿತ್ತು. ಹಾಗೇ ನಕ್ಷೆಯಲ್ಲಿ ತುಂಬಿ ಕಳಿಸಿದೆ.

ತಿಂಗಳ ನಂತರ ಗಡಿಕಲ್ಲು ನೆಡಲು ನಮ್ಮ ಸಾಹೇಬರ ಜೊತೆ ಹೋದೆ. ಆಳುಗಳು ನಕ್ಷೆಯಲ್ಲಿದ್ದಂತೆ ಮನೆಯ ಹಿಂದೆ ಗುಂಡಿ ತೋಡತೊಡಗಿದರು. ಮನೆ ಕೆರೆಯೊಳಗೆ ಸೇರಿತು ಎಂದು ಮುನಿಯಪ್ಪನಿಗೆ ತಿಳಿಸಲಾಯಿತು. ಅವನು ಜಗಳಕ್ಕೆ ಬರಲಿಲ್ಲ. ಮನೆ ಮುಂದಿನ ಮರಕ್ಕೆ ಕೈ ಇಟ್ಟು ನಿಂತ.

“ಮರ ಇಲ್ಲೈತೆ ಸ್ವಾಮಿ, ಕಲ್ಲು ಇಂದ್ಗಡೆ ಆಕ್ತಾವ್ರೆ. ನಿಮ್ ಕಾಗ್ದದಾಗೆ ಮರ ಎಂಗೆ ನಡೀತು?”

ಆಗ ನೆನಪಾಯಿತು. ಚಿತ್ರ ಬರೆಯುವಾಗ ಮರ ಅಡ್ಡ ಬಂದು ಕೆಂಪು ಹೆಂಚು ಕಾಣುತ್ತಿರಲಿಲ್ಲ. ಚೆಂದಕ್ಕೆಂದು ಮರವನ್ನು ನಾನೇ ಹಿಂದಕ್ಕೆ ಸರಿಸಿದ್ದೆ. ಚಿತ್ರಕಾರರೆಲ್ಲ ಮಾಡುವುದು ಅದನ್ನೇ, ಮರೆತೂ ಬಿಟ್ಟಿದ್ದೆ.

ಸಾಹೇಬರು ನಕ್ಷೆಗೆ ಸಹಿಯಾಗಿದೆ, ದಾಖಲೆ ಹೇಳಿದ ಮರ ಬೇರೆಯಿದ್ದು ಬಿದ್ದುಹೋಗಿರಬೇಕು ಎಂದರು. ಅದಕ್ಕೆ ಹೂಂ ಅಂದಿದ್ದರೆ ನನ್ನ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಅನ್ನಬೇಕೆಂದೂ ಅನಿಸಿತು, ಸುಳ್ಳೇಕೆ ಹೇಳಲಿ.

“ನಕ್ಷೆ ತಪ್ಪು ಸಾರ್. ಮರ ಸರಿಸಿದ್ದು ನಾನು,” ಎಂದೆ.

ನಡೆದದ್ದನ್ನೆಲ್ಲ ಹೇಳಿ, ಕಾಲಡಿಯ ಮಣ್ಣು ತೋರಿಸಿದೆ. ಕೆರೆಯ ಹೂಳು ಕಪ್ಪು, ಅದು ಮರದಿಂದಾಚೆ, ಕೆರೆಯ ಕಡೆಗೇ ನಿಂತಿತ್ತು. ಮನೆ ಇದ್ದದ್ದು ಕೆಂಪು ಮಣ್ಣಿನಲ್ಲಿ, ಕೆರೆಯ ನೀರು ಎಂದೂ ನಿಲ್ಲದ ನೆಲದಲ್ಲಿ. ಸಾಹೇಬರು ಬಗ್ಗಿ ಎರಡನ್ನೂ ಹಿಡಿ ಹಿಡಿ ತೆಗೆದು ನೋಡಿದರು. ಗುಂಡಿ ಮುಚ್ಚಿಸಿದರು. ನನಗೆ ಲಿಖಿತ ಎಚ್ಚರಿಕೆ ಬಂತು, ಇಡೀ ಕೆರೆಯನ್ನು ಮತ್ತೆ ಅಳೆಯುವ ಶಿಕ್ಷೆಯೂ ಬಂತು. ಎರಡೂ ನ್ಯಾಯವೇ.

ಮರುಅಳತೆಗೆ ಹೋದಾಗ ಚಿತ್ರವನ್ನೂ ಒಯ್ದೆ. ಆ ಮನೆಯ ಬಳಿ ಹಲಗೆ ಇಟ್ಟು ನಿಂತದ್ದು ಅದೇ ಮೊದಲು. ಅಲ್ಲಿಯವರೆಗೆ ದೂರದಿಂದಲೇ ಗೆರೆ ಎಳೆದಿದ್ದೆ. ಮುನಿಯಪ್ಪನ ಹೆಂಡತಿ ವೆಂಕಟಮ್ಮ ಹೊಂಗೆಯ ನೆರಳಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಮರ ಇಂದಕ್ಕೋದ್ರೆ ನಾನೆಲ್ಲಿ ಕುಂತ್ಕೊಳ್ಳಾದು ಸ್ವಾಮಿ?” ಎಂದು ಕೇಳಿದರು.

ಕೋಪವಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು. ನಾಚಿಕೆಯಾಯಿತು. ಎಷ್ಟೋ ವರ್ಷ ಭೂಗೋಳ ಓದಿ, ಅಷ್ಟೇ ವರ್ಷ ಬಣ್ಣ ಕಲಸಿ, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಿವೃತ್ತನಾಗುವವರೆಗೂ, ಯಾವುದೇ ಮನೆಯ ಗುರುತು ನಕ್ಷೆಯಲ್ಲಿ ಹಾಕುವ ಮುನ್ನ ಅದರ ಬಾಗಿಲಿಗೆ ಹೋಗಿ ಒಮ್ಮೆ ನಿಂತು ಬಂದಿದ್ದೇನೆ.