ಬಾಗಿಲಡಿಯಿಂದ ಹೋದ ಹನ್ನೊಂದು ಕಾರ್ಡುಗಳು

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಕಟ್ಟಡದ ಫ್ಲ್ಯಾಟಿನಲ್ಲಿ, ಅಂದೇ ಪರಿಚಯವಾದ ಒಬ್ಬರು ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಾಗ ಮೊದಲು ಬಂದದ್ದು ವಾಸನೆ. ಹಳೆಯ ಕಾಗದದ ವಾಸನೆ ಅಂದರೆ ಸಾಕಾಗುವುದಿಲ್ಲ. ಬಹಳ ವರ್ಷ ಮುಚ್ಚಿಟ್ಟ ಟ್ರಂಕಿನ ಒಳಗಿನ ವಾಸನೆ, ಅದರಲ್ಲಿ ಸ್ವಲ್ಪ ಗೋಂದು, ಸ್ವಲ್ಪ ಎಸಿಯ ತಣ್ಣನೆ ಗಾಳಿ, ಯಾರದೋ ಬೆರಳಿನ ಎಣ್ಣೆ. ಬೇಸ್‌ಬಾಲನ್ನು ಮೇಜಿನ ಮೇಲೆ ದಾಳ ಹಾಕಿ ಆಡುವ ಅಮೆರಿಕದ ಹಳೆಯ ಆಟ ಅದು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು. ಕಾರ್ಡಿನ ತುಂಬ ಸಣ್ಣ ಸಣ್ಣ ಅಂಕೆಗಳು. ದಾಳದಲ್ಲಿ ಬಿದ್ದ ಅಂಕೆಯನ್ನು ಕಾರ್ಡಿನಲ್ಲಿ ಹುಡುಕಿದರೆ ಆ ಆಟಗಾರ ಹೊಡೆದನೋ ಔಟಾದನೋ ಅಂತ ಅಲ್ಲಿ ಬರೆದಿರುತ್ತದೆ. ಆ ಹಳೆಯ ಕಾರ್ಡುಗಳನ್ನು ನಾನು ಕೆಲವು ವರ್ಷಗಳಿಂದ ಒಂದೊಂದಾಗಿ ಕೂಡಿಸುತ್ತಿದ್ದೇನೆ. ಆ ಫ್ಲ್ಯಾಟಿನವರು ಅಮೆರಿಕದಲ್ಲಿ ಓದಿ ಬಂದ ಇಂಜಿನಿಯರ್, ಪ್ರೀತಿಯಿಂದಲೇ ಕೇಳಿದರು, ನಿಮ್ಮದು ಯಾವ ಟೀಮು ಅಂತ. ನಾನು ಇದುವರೆಗೆ ಒಂದೇ ಒಂದು ಬೇಸ್‌ಬಾಲ್ ಮ್ಯಾಚೂ ನೋಡಿಲ್ಲ ಅಂದೆ. ಅವರು ನಕ್ಕರು. ನಾನು ಕಾರ್ಡನ್ನು ಮೂಗಿಗೆ ಹಿಡಿದದ್ದು ನೋಡಿದ ಮೇಲೆ, ಬೇಕಾದದ್ದು ತೆಗೆದುಕೊಳ್ಳಿ ಅಂತ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. ದುಬೈಗೆ ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಕಾರ್ಡು ನನ್ನ ಅಂಗಿಯ ಕಿಸೆಯಲ್ಲಿದ್ದವು. ದಾರಿಯುದ್ದಕ್ಕೂ ಅವುಗಳ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಕಾರ್ಡು ಕೈಗೆ ಬಂದರೆ ನನಗೆ ಈಗಲೂ ಹಾಗೆಯೇ. ಇನ್ನೇನು ಯಾರೋ ಬೆಲ್ ಒತ್ತುತ್ತಾರೆ ಅಂತ ಅನಿಸುತ್ತದೆ.

ನಾನು ಚಿಕ್ಕವನಿದ್ದಾಗ ನಾವಿದ್ದದ್ದು ದುಬೈಯ ಕರಾಮದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಆ ಕಟ್ಟಡ ಈಗ ಇಲ್ಲ. ಎರಡು ಕೋಣೆ, ಒಂದು ಹಾಲ್, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ ಮಾಡುತ್ತಿದ್ದ ಫ್ಲೋರಿನ್ ಬಾಯಿ. ಅವರ ಗಂಡ ಹಡಗಿನಲ್ಲಿದ್ದರು, ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಹಾಲಿನಲ್ಲಿ ಒಂದು ಪರದೆ, ಅದರ ಹಿಂದೆ ಮಂಚ, ಆ ಮಂಚದ ಮೇಲೆ ಉಳ್ಳಾಲದ ಅದ್ರಾಮಾಕ. ಮನೆ ಖಾಲಿ ಮಾಡಿ ಹೋಗುವವರ ಸಾಮಾನು ಕಟ್ಟಿ ಕಳಿಸುವ ಕಂಪೆನಿಯಲ್ಲಿ ಅವರಿಗೆ ಪ್ಯಾಕಿಂಗ್ ಕೆಲಸ. ಗೋಡೌನು ಅಲ್ ಕೂಜ್‌ನಲ್ಲಿ. ಅವರು ಒಳಗೆ ಬಂದರೆ ಟೇಪಿನ ಗೋಂದು ಮತ್ತು ರಟ್ಟಿನ ಧೂಳು ಅವರೊಟ್ಟಿಗೇ ಬರುತ್ತಿತ್ತು. ಅಪ್ಪ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು, ಅವರೊಟ್ಟಿಗೆ ಕಾದ ಎಣ್ಣೆಯ ವಾಸನೆ. ಫ್ಲೋರಿನ್ ಬಾಯಿ ಬಂದರೆ ಡೆಟ್ಟಾಲು. ಪರದೆ ಕಟ್ಟಿದ ಮನೆಯಲ್ಲಿ ನೀವೂ ಇದ್ದವರಾದರೆ ನಿಮಗೆ ಗೊತ್ತು, ಅಲ್ಲಿ ಮನುಷ್ಯರನ್ನು ಮುಖ ನೋಡಿ ಗುರುತಿಸಬೇಕಾಗಿಲ್ಲ.

ಅಮ್ಮ ಮತ್ತು ನಾನು ಮೂಲ್ಕಿಯಿಂದ ಬಂದದ್ದು ವಿಸಿಟ್ ವೀಸಾದಲ್ಲಿ. ನನಗೆ ಆಗ ಏಳು ವರ್ಷ, ದುಬೈಯಲ್ಲೇ ಸೇರಿಸುವುದು ಅಂತ ಊರಿನಲ್ಲಿ ಶಾಲೆಗೆ ಸೇರಿಸಿರಲಿಲ್ಲ. ವೀಸಾ ಮುಗಿಯುವುದರೊಳಗೆ ಫ್ಯಾಮಿಲಿ ವೀಸಾ ಆಗುತ್ತದೆ ಅಂತ ಅಪ್ಪ ನಂಬಿದ್ದರು. ಅವರ ಸಂಬಳಕ್ಕೆ ಅದು ಆಗುವ ಮಾತಾಗಿರಲಿಲ್ಲ. ವೀಸಾ ಮುಗಿಯಿತು, ನಾವು ಹೋಗಲಿಲ್ಲ. ಅಪ್ಪನನ್ನು ಬಿಟ್ಟು ಹೋಗಲು ಅಮ್ಮನಿಗೆ ಮನಸ್ಸಿರಲಿಲ್ಲ, ನಮ್ಮನ್ನು ಕಳಿಸಲು ಅಪ್ಪನಿಗೂ ಇರಲಿಲ್ಲ. ಹೀಗೆ ಒಂದೂವರೆ ವರ್ಷ ನಾನು ಆ ಮನೆಯೊಳಗೆ, ಇಲ್ಲದವನ ಹಾಗೆ ಇದ್ದೆ. ಶಾಲೆ ಇಲ್ಲ. ಕಿಟಕಿಯ ಹತ್ತಿರ ಹೋಗುವಂತಿಲ್ಲ. ಓಡುವಂತಿಲ್ಲ, ಕೆಳಗಿನ ಮನೆಯವರಿಗೆ ಕೇಳುತ್ತದೆ. ಬೆಲ್ ಎರಡು ಸಲ ಚಿಕ್ಕದಾಗಿ ಆದರೆ ನಮ್ಮವರು. ಒಂದೇ ಸಲ ಉದ್ದಕ್ಕೆ ಆದರೆ ನಾನು ಬಚ್ಚಲಿಗೆ ಹೋಗಿ ಬಕೆಟಿನ ಹಿಂದೆ ಕೂರಬೇಕು. ಅಮ್ಮನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು ಒಂದೇ, "ಮೆಲ್ಲ ಮಗ, ಮೆಲ್ಲ." ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದದ್ದು ನಾತೂರ್‌ಗೆ, ಅಂದರೆ ಕಟ್ಟಡದ ವಾಚ್‌ಮ್ಯಾನಿಗೆ. ಯಾವ ಮನೆಯಲ್ಲಿ ಎಷ್ಟು ತಲೆ ಅಂತ ಅವನಿಗೆ ಗೊತ್ತಿರುತ್ತದೆ, ಅವನು ಒಂದು ಮಾತು ಹೇಳಿದರೆ ನಮ್ಮನ್ನು ಹಿಡಿದು ಕಳಿಸುತ್ತಾರೆ, ಅಪ್ಪನ ಕೆಲಸವೂ ಹೋಗುತ್ತದೆ ಅಂತ ಕೇಳಿ ಕೇಳಿ, ಕಾರಿಡಾರಿನಲ್ಲಿ ಅವನ ಬೀಗದ ಕೈ ಗೊಂಚಲಿನ ಸದ್ದು ಬಂದರೆ ನನಗೆ ಚಡ್ಡಿಯಲ್ಲೇ ಮೂತ್ರ ಬರುತ್ತಿತ್ತು.

ಅಂಥದೇ ಒಂದು ಆಟದ ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದದ್ದು ಅದ್ರಾಮಾಕ. ಅಬುಧಾಬಿಯಲ್ಲಿ ಊರಿಗೆ ಹೊರಟಿದ್ದ ಅಮೆರಿಕದವರ ಮನೆಯಲ್ಲಿ ಕಸಕ್ಕೆ ಇಟ್ಟದ್ದನ್ನು ಕೇಳಿ ತಂದಿದ್ದರು. ಮೂಲೆ ಹರಿದಿತ್ತು, ಅದಕ್ಕೆ ಅವರೇ ಟೇಪು ಸುತ್ತಿದ್ದರು. "ಹಿಡಿಯಾ, ಇದು ಮಾತಾಡದೆ ಆಡುವ ಆಟ. ನಿನಗೇ ಅಂತ ಮಾಡಿದ್ದು," ಅಂದರು. ಒಳಗಿದ್ದ ನಿಯಮದ ಹಾಳೆಯನ್ನು ಫ್ಲೋರಿನ್ ಬಾಯಿ ಎರಡು ದಿನ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು, "ಇದೆಂತ ಆಟ ಮಾರಾಯ್ರೆ, ಚೆಂಡಿಗೆ ಹೊಡ್ದ ಕೂಡ್ಲೆ ಬ್ಯಾಟು ಬಿಸಾಡಿ ಓಡುದಂತೆ!" ಅಂದರು.

"ಓಡಿ ಎಲ್ಲಿಗೆ ಹೋಗುದು ಬಾಯಮ್ಮ?" ಅದ್ರಾಮಾಕ ಕೇಳಿದರು.

"ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುದು."

"ಅದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆಯಾ? ನಮ್ಮ ಕಂಪೆನಿಯವ್ರು ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ ಕೊಟ್ಟು ಅದನ್ನೇ ಮಾಡಿಸ್ತಾರಲ್ಲ."

ದಾಳ ನೆಲಕ್ಕೆ ಬಿದ್ದರೆ ಟಕಟಕ ಸದ್ದಾಗುತ್ತದೆ ಅಂತ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಕುತ್ತಿದ್ದೆವು. ಚಪ್ಪಾಳೆ ಇಲ್ಲ. ಯಾರಾದರೂ ದೊಡ್ಡ ಹೊಡೆತ ಹೊಡೆದರೆ ಅದ್ರಾಮಾಕ ಎದ್ದು ಲುಂಗಿಯನ್ನು ಮೊಣಕಾಲಿಗೆ ಎತ್ತಿಕೊಂಡು, ಬರಿಗಾಲಿನಲ್ಲಿ, ಒಂದು ಚೂರೂ ಸದ್ದಿಲ್ಲದೆ ಹಾಲಿನ ಸುತ್ತ ಕುಣಿಯುತ್ತಿದ್ದರು. ಫ್ಲೋರಿನ್ ಬಾಯಿ ಬಾಯಿಗೆ ಕರ್ಚೀಫು ತುರುಕಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಅಮ್ಮ ಮಾತ್ರ ಬಾಗಿಲಿನ ಕಡೆ ನೋಡುತ್ತ ನಗುತ್ತಿದ್ದಳು. ಅಪ್ಪ ಒಮ್ಮೆಯೂ ಆಡಲಿಲ್ಲ. ಬರುವಾಗಲೇ ಸುಸ್ತು, ಕೂತಲ್ಲಿಂದಲೇ ನಮ್ಮನ್ನು ನೋಡುವರು. ಅಂಕೆಗಳನ್ನೂ ಇಂಗ್ಲಿಷ್ ಅಕ್ಷರಗಳನ್ನೂ ನಾನು ಕಲಿತದ್ದು ಆ ಕಾರ್ಡುಗಳಿಂದಲೇ, ಫ್ಲೋರಿನ್ ಬಾಯಿಯ ಬೆರಳಿನ ಹಿಂದೆ ನನ್ನ ಬೆರಳು ಓಡಿಸುತ್ತ. ಆದರೆ ಆ ಆಟಗಾರರ ಹೆಸರು ನಾಲಿಗೆಗೆ ಸಿಗುತ್ತಿರಲಿಲ್ಲ. ಅದಕ್ಕೆ ನಾನೇ ಬೇರೆ ಹೆಸರು ಇಟ್ಟೆ. ಗೋಡೆಯಾಚೆ ದಿನವೂ ಕೇಳುತ್ತಿದ್ದ, ನಾನು ಒಮ್ಮೆಯೂ ನೋಡಿರದ ಜನರ ಹೆಸರು. ಮೇಲಿನ ಮಹಡಿಯಲ್ಲಿ ಕಾಲೆಳೆದು ನಡೆಯುವವರು ಕುಂಟಜ್ಜ. ಬೆಳಿಗ್ಗೆ ಐದು ಸಲ ಸೀನುವವರು ಸೀನುಮಾಮ. ಚೆಂಡು ಎಸೆಯುವವನಿಗೆ ನಾತೂರ್ ಅಂತ ಹೆಸರು, ಯಾಕೆಂದರೆ ಎಲ್ಲರೂ ಹೆದರಬೇಕಾದದ್ದು ಅವನಿಗೇ. ಎದುರು ಮನೆಯಲ್ಲಿ ಒಬ್ಬ ಹುಡುಗ ಇದ್ದ. ಮಧ್ಯಾಹ್ನ ಶಾಲೆಯಿಂದ ಬರುವಾಗ ಅವನ ನೀರಿನ ಬಾಟಲಿ ಗೋಡೆಗೆ ತಾಗುತ್ತ ತಾಗುತ್ತ ಬರುತ್ತಿತ್ತು. ನನ್ನ ಟೀಮಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು ಅವನೇ.

ಒಂದು ದಿನ ಅಮ್ಮ ಅಡುಗೆಮನೆಯಲ್ಲಿದ್ದಾಗ ಆ ಬಾಟಲಿಯ ಸದ್ದು ಕೇಳಿತು. ನಾನು ಬಾಗಿಲಿನ ಹತ್ತಿರ ಮಲಗಿ, ಅಡಿಯ ಸಂದಿಯಿಂದ ಒಂದು ಕಾರ್ಡನ್ನು ಅರ್ಧ ಹೊರಗೆ ತಳ್ಳಿದೆ. ಯಾಕೆ ತಳ್ಳಿದೆ ಅಂತ ಈಗ ಕೇಳಿದರೂ ನನಗೆ ಗೊತ್ತಿಲ್ಲ. ಸದ್ದು ನಿಂತಿತು. ಕಾರ್ಡು ಮೆಲ್ಲನೆ ನನ್ನ ಬೆರಳಿನಿಂದ ಜಾರಿ ಹೊರಗೆ ಹೋಯಿತು. ಇಡೀ ರಾತ್ರಿ ನಿದ್ದೆ ಇಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಅದು ಒಳಗೆ ಬಂತು. ಆಟಗಾರನ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಮೀಸೆ ಇರುವ ಒಂದು ಮುಖ ಬರೆದಿತ್ತು. ಬಾಯಿಗೆ ಕೈ ಇಟ್ಟುಕೊಂಡು ನಕ್ಕೆ. ಅಮ್ಮನಿಗೆ ಹೇಳಲಿಲ್ಲ. ಹಾಗೆ ದಿನಾ ಒಂದು ಕಾರ್ಡು ಹೋಯಿತು. ಕೆಲವು ಬಂದವು, ಕೆಲವು ಅವನ ಹತ್ತಿರವೇ ಉಳಿದವು. ನಾವು ಒಂದು ಮಾತೂ ಆಡಲಿಲ್ಲ. ಅವನ ಮುಖ ನಾನು ಇವತ್ತಿಗೂ ನೋಡಿಲ್ಲ.

ಹಾಗೆ ಹನ್ನೊಂದು ಕಾರ್ಡು ಹೋದ ಮೇಲೆ ಒಂದು ದಿನ ಬೆಲ್ ಆಯಿತು. ಒಂದೇ ಸಲ, ಉದ್ದಕ್ಕೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಓಡಿ ಬಂದು ನನ್ನನ್ನು ಎತ್ತಿ ಬಚ್ಚಲಿಗೆ ಹೋಗಿ ಚಿಲಕ ಹಾಕಿ ನನ್ನ ಬಾಯಿ ಮುಚ್ಚಿದಳು. ಕಣ್ಣು ಉರಿದು ನೀರು ಬಂತು. ಹೊರಗೆ ಒಬ್ಬ ಗಂಡಸಿನ ಸ್ವರ, ಮಲಯಾಳಿಗಳ ಹಿಂದಿ, "ಕೋಯಿ ಹೈ? ಬಚ್ಚೇ ಕಾ ಕಾರ್ಡ್ ಹೈ." ಯಾರಾದರೂ ಇದ್ದೀರಾ, ಮಗುವಿನ ಕಾರ್ಡು ಅಂತ. ಮತ್ತೆ ಬೆಲ್. ಮತ್ತೆ. ಅಮ್ಮನ ಎದೆ ನನ್ನ ಬೆನ್ನಿಗೆ ಬಡಿಯುತ್ತಿದ್ದದ್ದು ನನಗೆ ಈಗಲೂ ಬೆನ್ನಿನಲ್ಲಿ ಗೊತ್ತಾಗುತ್ತದೆ. ಕೊನೆಗೆ ಅವರು ಹೋದರು. ಸಂಜೆ ಅದ್ರಾಮಾಕ ಬಂದಾಗ ಬಾಗಿಲಿನ ಹಿಡಿಯಲ್ಲಿ ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು, ಒಳಗೆ ಐದಾರು ಕಾರ್ಡು.

"ಇದು ಹೊರಗೆ ಹೋದದ್ದು ಹೇಗೆ?" ಅಮ್ಮ ಕೇಳಿದಳು.

ನಾನು ಅದ್ರಾಮಾಕನ ಮುಖ ನೋಡಿದೆ. ಅವರು ನನ್ನನ್ನು ನೋಡಿದರು. "ನಂದೇ ತಪ್ಪಕ್ಕ. ಆ ಹುಡುಗನಿಗೆ ಅಂತ ನಾನೇ ಕೊಟ್ಟಿದ್ದೆ," ಅಂದರು.

"ನಿಮಗೆ ಬುದ್ಧಿ ಉಂಟಾ ಅದ್ರಾಮಾಕ? ಮನೆಯಲ್ಲಿ ಮಗು ಉಂಟು ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗಾಯ್ತಲ್ಲ!" ಅಂತ ಫ್ಲೋರಿನ್ ಬಾಯಿ ಅವರನ್ನು ಬೈದರು. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಅಪ್ಪ ನನ್ನ ಹತ್ತಿರ ಬಂದು ಕೂತು, ಬಹಳ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಆಮೇಲೆ ಅಮ್ಮನಿಗೆ, "ಇನ್ನು ಸಾಕು. ನೀವು ಊರಿಗೆ ಹೋಗಿ," ಅಂದರು.

ಹೋಗುವ ದಾರಿಯನ್ನು ಅಪ್ಪ ಹೇಗೆ ಮಾಡಿದರೋ, ಯಾರ್ಯಾರ ಕಾಲು ಹಿಡಿದರೋ ನನಗೆ ಗೊತ್ತಿಲ್ಲ. ಏರ್‌ಪೋರ್ಟಿನಲ್ಲಿ ಅವರು ನನ್ನ ಅಂಗಿಯ ಗುಂಡಿ ಸರಿ ಮಾಡಿದ್ದು ನೆನಪಿದೆ. ಪೆಟ್ಟಿಗೆ ಅದ್ರಾಮಾಕನ ಹತ್ತಿರವೇ ಉಳಿಯಿತು. ಮೂಲ್ಕಿಯಲ್ಲಿ ಒಂದನೇ ಕ್ಲಾಸಿಗೆ ಸೇರುವಾಗ ನನಗೆ ಒಂಬತ್ತು ತುಂಬಿತ್ತು, ಬೆಂಚಿನಲ್ಲಿ ನನ್ನ ಆಚೆ ಈಚೆ ಆರು ವರ್ಷದ ಮಕ್ಕಳು. ಹೆಸರು ಕೂಗಿದರೆ ನಾನು "ಹಾಜರ್" ಅನ್ನುತ್ತಿದ್ದೆ, ಟೀಚರಿಗೆ ಕೇಳುತ್ತಿರಲಿಲ್ಲ, ಗೈರು ಅಂತ ಬರೆಯುತ್ತಿದ್ದರು. ಕೆಲವು ತಿಂಗಳ ನಂತರ ಅಪ್ಪನ ಕಾಗದ ಬಂತು. ಎದುರು ಮನೆಯವರು ಅದ್ರಾಮಾಕನಿಗೆ ಲಿಫ್ಟಿನಲ್ಲಿ ಸಿಕ್ಕಿ, ನಿಮ್ಮಲ್ಲಿದ್ದ ಹುಡುಗ ಎಲ್ಲಿ, ಅವತ್ತು ನಾನು ಬೆಲ್ ಒತ್ತಿದ್ದು ನನ್ನ ಮಗನೊಟ್ಟಿಗೆ ಆಡಲು ಕರೆಯಲಿಕ್ಕೆ ಅಂದರಂತೆ. ನಾನಿದ್ದದ್ದು ಆ ಮಹಡಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತಂತೆ. ನಾತೂರ್‌ಗೂ. ತಪಾಸಣೆಗೆ ಬಂದವರನ್ನು ಎರಡು ಸಲ ಅವನೇ ಬೇರೆ ಮಹಡಿಗೆ ಕರೆದುಕೊಂಡು ಹೋಗಿದ್ದನಂತೆ. ಕಾಗದದ ಕೊನೆಗೆ ಅಪ್ಪ ಬರೆದಿದ್ದರು, ಈಗ ನಾನೂ ಅದ್ರಾಮಾಕನೂ ರಜೆಯ ದಿನ ಆ ಆಟ ಆಡುತ್ತೇವೆ, ನಿನ್ನ ಕುಂಟಜ್ಜ ಚೆನ್ನಾಗಿ ಹೊಡೆಯುತ್ತಾನೆ. ಅಮ್ಮ ಅದನ್ನು ಓದಿ ಕಾಗದ ಮಡಚಿಟ್ಟು, ಕೊಡ ಎತ್ತಿಕೊಂಡು ಬಾವಿಯ ಕಡೆಗೆ ಹೋದಳು.

ಆ ಮೇಲೆ ನಾವು ಮೂವರು ಒಟ್ಟಿಗೆ ಇದ್ದದ್ದು ಎರಡು ವರ್ಷಕ್ಕೊಮ್ಮೆ, ಅಪ್ಪನ ರಜೆಯಲ್ಲಿ. ಅವರು ಕೆಲಸ ಬಿಟ್ಟು ಊರಿಗೆ ಬಂದ ವರ್ಷವೇ ನನಗೆ ಅಲ್ ಕೂಜ್‌ನ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಅದ್ರಾಮಾಕ ಉಳ್ಳಾಲದಲ್ಲಿ ತೀರಿಹೋದರು. ಫ್ಲೋರಿನ್ ಬಾಯಿ ಎಲ್ಲಿದ್ದಾರೋ ತಿಳಿಯಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅಪ್ಪ, ಅಮ್ಮ, ನಾನು ಒಂದೇ ಸೂರಿನ ಕೆಳಗೆ ಬಹಳ ದಿನ ಬಾಳಿದ್ದು ಉಸಿರು ಬಿಗಿಹಿಡಿದುಕೊಂಡಿದ್ದ ಆ ಒಂದೂವರೆ ವರ್ಷ ಮಾತ್ರ. ಅದನ್ನು ನಾನೇ ಬಾಗಿಲಡಿಯಿಂದ ಹೊರಗೆ ತಳ್ಳಿದೆ ಅಂತ ನನ್ನೊಳಗೆ ಕೂತುಬಿಟ್ಟಿತ್ತು. ಅಪ್ಪನಿಗೆ ಹೇಳಬೇಕು ಅಂತ ನನ್ನ ಪ್ರತಿ ರಜೆಯಲ್ಲೂ ಊರಿಗೆ ಹೋದೆ. ಹೇಳದೆ ಬಂದೆ. ಅವರು ತೀರಿಹೋಗಿ ಮೂರು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಜಗಲಿಯಲ್ಲಿ ಬಸಳೆ ಸೋಸುತ್ತಿದ್ದ ಅಮ್ಮನ ಹತ್ತಿರ ಕೂತು ಹೇಳಿದೆ. ಕಾರ್ಡು ಕೊಟ್ಟದ್ದು ಅದ್ರಾಮಾಕ ಅಲ್ಲ, ನಾನು ಅಂತ.

"ಗೊತ್ತುಂಟು ಮಗ," ಅಂದಳು ಅಮ್ಮ. ಕೈ ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಿತ್ತು, ಅಪ್ಪನಿಗೂ. ಹೆದರಿ ಕಳಿಸಿದ್ದಲ್ಲ ಅವ್ರು. ಹೆದರಿಕೆ ಎಷ್ಟು ದಿನ ಬೇಕಾದ್ರೂ ತಡೀತಿದ್ರು. ಮಗು ನೆಲದಲ್ಲಿ ಮಲಗಿ ಬಾಗಿಲಿನ ಅಡಿಯಿಂದ ಫ್ರೆಂಡನ್ನು ಹುಡುಕಿತಲ್ಲ, ಪಿಸಿಪಿಸಿ ಬಿಟ್ರೆ ಅದಕ್ಕೆ ಬೇರೆ ಮಾತೇ ಬರುದಿಲ್ಲವಲ್ಲ ಅಂತ ಹೇಳಿ ಹೇಳಿ ಅತ್ರು. ಊರಲ್ಲಾದ್ರೂ ಬೊಬ್ಬೆ ಹಾಕಿ ಆಡಲಿ ಅಂದ್ರು."

ಗಾಳಿಗೆ ಒಂದು ಬಸಳೆ ಎಲೆ ಅಂಗಳಕ್ಕೆ ಹಾರಿತು. ನಾನು ಏನೋ ಹೇಳಿದೆ. ಏನು ಹೇಳಿದೆ ಅಂತ ನನಗೂ ಸರಿಯಾಗಿ ಕೇಳಲಿಲ್ಲ.

"ಎಂತ?" ಅಮ್ಮ ತಲೆ ಎತ್ತಿ, ಕಿವಿಯ ಹಿಂದೆ ಕೈ ಇಟ್ಟುಕೊಂಡಳು. "ಜೋರು ಹೇಳು ಮಗ. ಇಲ್ಲಿ ಯಾರಿದ್ದಾರೆ?"